ಕಚೇರಿಗೆ ಬೆಳಗಿನ ವೇಳೆ, ಹೊಲದ ಕರೆಂಟಿಗೆ ಯಾಕೆ ಮಟಮಟ ಮಧ್ಯಾಹ್ನ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ವಾಚಕರ ಪತ್ರಗಳಲ್ಲಿ ಕಲಬುರಗಿಯ ಓದುಗರೊಬ್ಬರು ನಮ್ಮಂಥವರ ಮೇಲೆ ಒಂದು ದೂರು ಬರೆದಿದ್ದರು. ಸಾವಯವ ಅಂತ ಹೇಳಿ ಮಾರುವವರ ಬುಟ್ಟಿಯಲ್ಲಿ ಈಗ ಬದನೆ, ಚವಳಿಕಾಯಿ (ಗೋರಿಕಾಯಿ), ಪುಂಡಿ ಪಲ್ಯ ಬಿಟ್ಟರೆ ಏನೂ ಸಿಗುವುದಿಲ್ಲವಂತೆ. ಸಿಗುವುದೂ ಸಣ್ಣದು, ಸೊಟ್ಟದು, ಕಲೆ ಬಿದ್ದದ್ದು. ಆದರೂ ರೇಟು ಮಾತ್ರ ಜಾಸ್ತಿ, ಇದು ಮೋಸ ಅಲ್ವಾ ಅಂತ ಕೇಳಿದ್ದರು. ನಾನು ಕಮಲಾಪುರ ತಾಲ್ಲೂಕಿನವಳು. ಎರಡೂವರೆ ಎಕರೆಯಲ್ಲಿ ತರಕಾರಿ ಬೆಳೆದು ವಾರಕ್ಕೆ ಎರಡು ಸಲ ಕಲಬುರಗಿಗೆ ತರುತ್ತೇನೆ. ಅವರು ನೋಡಿದ ಬುಟ್ಟಿ ನನ್ನದೇ ಇದ್ದರೂ ಇರಬಹುದು. ಅವರಿಗೆ ಉತ್ತರ ಕೊಡಬೇಕು. ಅದೇ ನೆಪದಲ್ಲಿ ಹೊಲದ ಪಂಪಿಗೆ ಕರೆಂಟ್ ಕೊಡುವ ವೇಳೆಯ ಬಗ್ಗೆ ಸರ್ಕಾರದವರಿಗೂ ಒಂದು ಮಾತು ಹೇಳಬೇಕು.

ಮೊದಲು ತರಕಾರಿಯ ಮಾತು. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42, 43 ಡಿಗ್ರಿಗೆ ಹೋಗುವುದು ಹೊಸದೇನಲ್ಲ. ಅಷ್ಟು ಝಳಕ್ಕೆ ಟೊಮೆಟೊ ಗಿಡ ಸಾಯುವುದಿಲ್ಲ. ನೀರಿದ್ದರೆ ಹಸಿರಾಗಿಯೇ ಇರುತ್ತದೆ, ಹೂವೂ ಬಿಡುತ್ತದೆ. ಆದರೆ ಕಾಯಿ ಕಟ್ಟುವುದಿಲ್ಲ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಗಾಳಿ ತಣ್ಣಗಾಗದಿದ್ದರೆ ಹೂವಿನ ಪರಾಗ ಕೆಟ್ಟುಹೋಗುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಗಿಡದ ಬುಡದಲ್ಲಿ ಹಳದಿ ಹೂ ಉದುರಿ ಬಿದ್ದಿರುತ್ತವೆ. ರಾಸಾಯನಿಕ ಹಾಕುವವರು ಹೂ ನಿಲ್ಲಲಿ ಅಂತ ಹಾರ್ಮೋನ್ ಹೊಡೆಯುತ್ತಾರೆ. ನಾವು ಹೊಡೆಯುವಂತಿಲ್ಲ. ಈಗ ಮಾರ್ಕೆಟ್‌ನಲ್ಲಿ ನುಣ್ಣಗೆ, ಕೆಂಪಗೆ ಕಾಣುವ ಟೊಮೆಟೊ ತಂಪು ಸೀಮೆಯಿಂದ ಲಾರಿಯಲ್ಲಿ ಬಂದದ್ದು. ಅದನ್ನು ಇಟ್ಟುಕೊಂಡು ನನ್ನ ಹೊಲದ ಟೊಮೆಟೊ ಯಾಕಿಲ್ಲ ಅಂದರೆ ಏನು ಹೇಳಲಿ?

ಹೀರೆಯ ಕಥೆ ಬೇರೆ. ಬಿಸಿಲು ಏರಿದಷ್ಟೂ ಬಳ್ಳಿಯಲ್ಲಿ ಗಂಡು ಹೂ ಜಾಸ್ತಿ, ಹೆಣ್ಣು ಹೂ ಕಡಿಮೆ. ಚಪ್ಪರದ ತುಂಬ ಹಳದಿ ಹೂ ನೋಡಿ ಬಂದವರು, 'ಈ ಸಲ ಭಾರೀ ಹೀರಿಕಾಯಿ ಬರ್ತಾವ ಬಿಡ್ರಿ' ಅನ್ನುತ್ತಾರೆ. ನಾನು ಸುಮ್ನೆ ನಗುತ್ತೇನೆ. ಸೌತೆಕಾಯಿ ನೀರಿನ ಒತ್ತಡಕ್ಕೆ, ಝಳಕ್ಕೆ ಕಹಿಯಾಗುತ್ತದೆ. ಕಹಿ ಸೌತೆಯನ್ನು ಒಮ್ಮೆ ಕೊಟ್ಟರೆ ಗಿರಾಕಿ ಮತ್ತೆ ಬರುವುದಿಲ್ಲ, ಅದಕ್ಕೇ ಅದನ್ನು ತರುವುದನ್ನೇ ನಿಲ್ಲಿಸುತ್ತೇನೆ. ಕೊತ್ತಂಬರಿ ಬೀಜ ಬಿಸಿ ಮಣ್ಣಿನಲ್ಲಿ ಸರಿಯಾಗಿ ಮೊಳೆಯುವುದಿಲ್ಲ. ಮೊಳೆತದ್ದೂ ಗೇಣು ಬೆಳೆಯುವ ಮೊದಲೇ ಹೂವಿಗೆ ಬರುತ್ತದೆ. ಮೇ ತಿಂಗಳಲ್ಲಿ ಕೊತ್ತಂಬರಿ ಕಟ್ಟು ಅಷ್ಟು ತುಟ್ಟಿ ಯಾಕೆ ಅನ್ನುವುದಕ್ಕೆ ಇದೇ ಕಾರಣ.

ಬೆಂಡೆ ಬಿಸಿಲಿನ ಬೆಳೆ. ಆದರೆ ಬೇಸಿಗೆಯಲ್ಲಿ ಬಿಳಿ ನೊಣವೂ ಜಾಸ್ತಿ. ಆ ನೊಣ ಹಳದಿ ನಂಜು ರೋಗ ಹೊತ್ತು ತರುತ್ತದೆ. ಎಲೆಯ ನರಗಳು ಹಳದಿಯಾದವು ಅಂದರೆ ಆ ಗಿಡಕ್ಕೆ ಮದ್ದಿಲ್ಲ, ಕಿತ್ತು ಸುಡಬೇಕು. ನೊಣ ಬರದಂತೆ ಹಳದಿ ಅಂಟು ಹಾಳೆ ಕಟ್ಟುತ್ತೇವೆ, ಬೇವಿನ ಬೀಜದ ಕಷಾಯ ಹೊಡೆಯುತ್ತೇವೆ. 100 ಲೀಟರ್ ನೀರಿಗೆ 5 ಕೆಜಿ ಬೀಜ ಕುಟ್ಟಿ ಹಾಕಬೇಕು. ಈಗ ಬೇವಿನ ಗಿಡದಲ್ಲಿರುವುದು ಕಾಯಿ. ಅದು ಹಣ್ಣಾಗಿ ಬೀಳುವುದು ಮಳೆಗಾಲ ಶುರುವಾದ ಮೇಲೆ. ಅಂದರೆ ಮೇ ತಿಂಗಳಲ್ಲಿ ಹೊಡೆಯುವುದು ಹೋದ ವರ್ಷ ಆರಿಸಿ, ನೆರಳಲ್ಲಿ ಒಣಗಿಸಿ ಇಟ್ಟ ಬೀಜ. ಹಗಲು ಹೊಡೆದರೆ ಬಿಸಿಲಿಗೆ ಅದರ ಶಕ್ತಿ ಇಳಿದುಹೋಗುತ್ತದೆ. ಸಂಜೆ ಹೊತ್ತು ಮುಳುಗಿದ ಮೇಲೆಯೇ ಪಂಪು ಹೆಗಲಿಗೇರಿಸಬೇಕು.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಯಾವುದು? ಚವಳಿಕಾಯಿ, ಪುಂಡಿ, ರಾಜಗಿರಿ, ನುಗ್ಗೆ, ಸ್ವಲ್ಪ ಬದನೆ. ಓದುಗರು ಬೇಸರದಿಂದ ಎಣಿಸಿದ ಪಟ್ಟಿ ಹೆಚ್ಚುಕಡಿಮೆ ಅದೇ. ಪುಂಡಿ ಪಲ್ಯ, ಜೋಳದ ರೊಟ್ಟಿ, ಮೇಲೆ ಹಸಿ ಉಳ್ಳಾಗಡ್ಡಿ. ನಮ್ಮ ಅತ್ತೆಯವರ ಕಾಲದಲ್ಲಿ ಮೇ ತಿಂಗಳ ಊಟ ಅಂದರೆ ಹೀಗೇ ಇತ್ತು. ಚವಳಿಕಾಯಿಯನ್ನೂ ಬದನೆಯನ್ನೂ ಹೆಚ್ಚಿ ಮಾಳಿಗೆಯ ಮೇಲೆ ಒಣಗಿಸಿ ಡಬ್ಬಿ ತುಂಬುತ್ತಿದ್ದರು. ಅವರು ಈಗಲೂ ಒಣಗಿಸುತ್ತಾರೆ. ಈ ಬಿಸಿಲು ಅವರೊಬ್ಬರಿಗೇ ಉಪಯೋಗ ನೋಡಿ.

ಇನ್ನು ಸಣ್ಣದು, ಸೊಟ್ಟದು ಯಾಕೆ ಅನ್ನುವ ಪ್ರಶ್ನೆ. ಇದಕ್ಕೆ ಬಿಸಿಲು ಅರ್ಧ ಕಾರಣ. ಇನ್ನರ್ಧ ಕಾರಣ ನೀರು. ನೀರು ಎಷ್ಟು ಅನ್ನುವುದಕ್ಕಿಂತ ಯಾವ ಹೊತ್ತಿಗೆ ಅನ್ನುವುದು ಮುಖ್ಯ.

ನಮ್ಮ ಹೊಲದ ಕೆಳಗಿನ ಭಾಗ ಎರಿ ಅಂದರೆ ಕಪ್ಪು ಮಣ್ಣು, ಮೇಲಿನ ಭಾಗ ಮಸಾರಿ ಅಂದರೆ ಕೆಂಪು ಮಣ್ಣು. ಎರಿ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಮೇಲೆ ಕಾಲುವೆಯಲ್ಲಿ ನೀರು ಹಾಯಿಸಿದರೆ ಅದು ಬೇರಿಗೆ ಸಿಗದೆ ಕೆಳಗೆ ಇಳಿದುಹೋಗುತ್ತದೆ. ಅದಕ್ಕೇ ಬಿರುಕು ಬಿಡುವ ಮೊದಲೇ ಸಾಲಿನ ಮೇಲೆ ಹೊದಿಕೆ ಹಾಕಬೇಕು, ಸ್ವಲ್ಪ ಸ್ವಲ್ಪ ನೀರನ್ನು ಮೇಲಿಂದ ಮೇಲೆ ಕೊಡಬೇಕು. ಹೊದಿಕೆಗೆ ನಮ್ಮಲ್ಲಿರುವುದು ತೊಗರಿ ಹೊಟ್ಟು. ಕಲಬುರಗಿಯಲ್ಲಿ ತೊಗರಿಗೇನು ಕೊರತೆ ಅಂತ ನೀವು ಅಂದುಕೊಳ್ಳಬಹುದು. ಆದರೆ ಮೇ ತಿಂಗಳಲ್ಲಿ ಅದೇ ಹೊಟ್ಟು ದನಕ್ಕೆ ಮೇವು. ನಮ್ಮಲ್ಲಿ ಎರಡು ದೇವಣಿ ಆಕಳಿವೆ. ಅವುಗಳ ಸಗಣಿ, ಗಂಜಲ ಇಲ್ಲದೆ ಜೀವಾಮೃತ ಇಲ್ಲ. ಜೀವಾಮೃತ ಇಲ್ಲದೆ ನನ್ನ ಬೇಸಾಯವೇ ಇಲ್ಲ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಬೇಳೆ ಹಿಟ್ಟು ಮತ್ತು ಒಂದು ಹಿಡಿ ಬದುವಿನ ಮಣ್ಣು ಹಾಕಿ ಎರಡು ದಿನ ನೆರಳಲ್ಲಿ ಇಡಬೇಕು. ಹೊಟ್ಟನ್ನು ಮಣ್ಣಿಗೆ ಹೊದಿಸಿದರೆ ಆಕಳಿಗೆ ಕಡಿಮೆ, ಆಕಳಿಗೆ ಹಾಕಿದರೆ ಮಣ್ಣು ಬರಿಮೈ. ದಿನಾ ಬೆಳಿಗ್ಗೆ ಈ ಪಂಚಾಯಿತಿ ನಮ್ಮ ಮನೆಯಲ್ಲಿ ನಡೆಯುತ್ತದೆ. ಕಬ್ಬಿನ ರವದಿ (ಒಣ ಸೋಗೆ) ಸಿಕ್ಕಿದ ವರ್ಷ ಸ್ವಲ್ಪ ಆರಾಮ. ತೊಗರಿ ಕಟ್ಟಿಗೆಯನ್ನು ಮಾತ್ರ ಒಲೆಗೆ ಹಾಕಲು ಬಿಡುವುದಿಲ್ಲ. ಅದು ಸಸಿ ಮಡಿಯ ಮೇಲೆ ನೆರಳಿಗೆ ಬೇಕು. ಮಳೆಗಾಲಕ್ಕೆ ಹಚ್ಚುವ ಬದನೆ, ಮೆಣಸಿನ ಸಸಿ ಈಗ ಅದರ ಕೆಳಗೆ ಬೆಳೆಯುತ್ತಿವೆ.

ನೀರು ಹನಿ ಪೈಪಿನಲ್ಲಿ ಹೋಗುತ್ತದೆ. ಆ ಪೈಪು ಕಪ್ಪು. ಮಧ್ಯಾಹ್ನ ಹನ್ನೆರಡಕ್ಕೆ ಅದನ್ನು ಮುಟ್ಟಿ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಒಳಗೆ ನಿಂತ ನೀರು ಕಾದಿರುತ್ತದೆ. ಪಂಪು ಶುರುವಾದ ಕೂಡಲೇ ಆ ಬಿಸಿ ನೀರೇ ಮೊದಲು ಬೇರಿಗೆ ಬೀಳುತ್ತದೆ. ಪುಂಡಿ ತಡೆದುಕೊಳ್ಳುತ್ತದೆ. ಎಳೆ ರಾಜಗಿರಿ, ಈಗಷ್ಟೇ ಹಚ್ಚಿದ ಸಸಿ ತಡೆಯುವುದಿಲ್ಲ. ಬೆಳಗಿನ ಜಾವ ಅದೇ ಪೈಪಿನಲ್ಲಿ ತಣ್ಣನೆ ನೀರು ಬಿಟ್ಟರೆ ಗಿಡ ಇಡೀ ದಿನದ ಬಿಸಿಲಿಗೆ ಎದೆಗೊಟ್ಟು ನಿಲ್ಲುತ್ತದೆ. ಇದಕ್ಕೆ ದೊಡ್ಡ ವಿಜ್ಞಾನ ಏನೂ ಬೇಡ, ಮನೆಯ ಮುಂದೆ ತುಳಸಿ ಗಿಡ ಇಟ್ಟವರೂ ನೀರು ಹಾಕುವುದು ಬೆಳಿಗ್ಗೆಯೇ.

ಪೈಪಿನ ಮಾತು ಬಂತು ಅಂತ ಇನ್ನೊಂದು ಹೇಳುತ್ತೇನೆ. ಸುತ್ತ ಹಳ್ಳ ಬತ್ತಿದಾಗ ಹಸಿರು ಇರುವುದು ನಮ್ಮ ತುಂಡು ಹೊಲ ಒಂದೇ. ಚಿಗರಿ (ಜಿಂಕೆ) ಹಿಂಡು ಬರುತ್ತದೆ, ಹಂದಿ ಬರುತ್ತದೆ. ಅಳಿಲು, ಕಾಗೆಗಳು ನೀರಿಗಾಗಿ ಹನಿ ಪೈಪನ್ನೇ ಕಚ್ಚಿ ತೂತು ಮಾಡುತ್ತವೆ. ನಾವು ಬದುವಿನ ಮೇಲೆ ಅಲ್ಲಲ್ಲಿ ಮಣ್ಣಿನ ತಟ್ಟೆಯಲ್ಲಿ ನೀರು ಇಡಲು ಶುರು ಮಾಡಿದ ಮೇಲೆ ತೂತು ಕಡಿಮೆಯಾಗಿವೆ. ಪುಣ್ಯ ಬರಲಿ ಬಿಡಲಿ, ಪೈಪಿನ ಖರ್ಚು ಉಳಿಯಿತು.

ಈಗ ಸರ್ಕಾರದವರಿಗೆ ಹೇಳಬೇಕಾದ ಮಾತಿಗೆ ಬರುತ್ತೇನೆ. ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ತಾಸು ತ್ರೀ ಫೇಸ್ ಕರೆಂಟ್ ಅನ್ನುವುದು ಸರ್ಕಾರ ಒಪ್ಪಿದ ಲೆಕ್ಕ. 10 ಎಚ್‌ಪಿವರೆಗೆ ಬಿಲ್ ಇಲ್ಲ ಅನ್ನುವುದೂ ನಿಜ, ಅದಕ್ಕೆ ನಾವು ಕೃತಜ್ಞರು. ತಕರಾರು ಇರುವುದು ವೇಳೆಯ ಬಗ್ಗೆ. ಹೊಲಗಳಿಗೆ ಕರೆಂಟ್ ತರುವ ಲೈನಿಗೆ ಫೀಡರ್ ಅನ್ನುತ್ತಾರೆ. ನಮ್ಮ ಫೀಡರ್‌ಗೆ ಈ ಬೇಸಿಗೆಯಲ್ಲಿ ಹಗಲಿನ ಪಾಳಿ ಬಂದಾಗ ಕರೆಂಟ್ ಬರುವುದು ಹೆಚ್ಚುಕಡಿಮೆ ಹತ್ತರ ಮೇಲೆ. ರಾತ್ರಿ ಪಾಳಿ ಬಂದರೆ ಹಾವು, ಚೇಳು, ಹಂದಿ. ಬೆಳಗಿನ ಜಾವ ಮತ್ತು ಸಂಜೆ, ಗಿಡಕ್ಕೆ ನೀರು ಬೇಕಾದ ಆ ಎರಡು ಹೊತ್ತು ಮಾತ್ರ ಯಾವ ಪಾಳಿಗೂ ಸಿಗುವುದಿಲ್ಲ.

ಕರೆಂಟ್ ಬಂದ ಕೂಡಲೇ ಪಂಪನ್ನು ತಾನೇ ಶುರು ಮಾಡುವ ಆಟೊ ಸ್ಟಾರ್ಟರ್ ಹಾಕಿಸಿಕೊಳ್ಳಿ, ಮನೆಯಲ್ಲಿ ಆರಾಮಾಗಿ ಕೂತಿರಿ ಅನ್ನುವವರಿದ್ದಾರೆ. ಒಂದೇ ಬೆಳೆ ಇದ್ದವರಿಗೆ ಅದು ಸರಿ. ತರಕಾರಿಯಲ್ಲಿ ಹತ್ತು ಮಡಿಗೆ ಹತ್ತು ತರಹದ ನೀರು. ಅರ್ಧ ಗಂಟೆಗೊಮ್ಮೆ ವಾಲ್ವ್ ತಿರುಗಿಸಬೇಕು, ಫಿಲ್ಟರ್ ತೊಳೆಯಬೇಕು, ಪೈಪು ಎಲ್ಲಿ ಕಿತ್ತಿದೆ ನೋಡಬೇಕು. 43 ಡಿಗ್ರಿಯಲ್ಲಿ ಅದನ್ನೆಲ್ಲ ಯಾರು ಮಾಡುತ್ತಾರೆ? ನಮ್ಮ ಮನೆಯಲ್ಲಿ ನಾನು. ತಲೆಗೆ ಒದ್ದೆ ಟವಲ್ ಸುತ್ತಿಕೊಂಡು ಹೋಗುತ್ತೇನೆ. ಒಮ್ಮೊಮ್ಮೆ ಕಣ್ಣು ಕತ್ತಲೆ ಬಂದು ಬೇವಿನ ಗಿಡದ ಕೆಳಗೆ ಕೂತದ್ದೂ ಇದೆ.

ಕೃಷಿ ಹೊಂಡದಲ್ಲಿ ನೀರು ತುಂಬಿಸಿಟ್ಟು ಬೇಕಾದಾಗ ಬಿಡಿ ಅನ್ನುವ ಸಲಹೆಯೂ ಬಂದಿದೆ. ಒಳ್ಳೆಯ ಸಲಹೆ. ಆದರೆ ಈ ತಿಂಗಳ ಗಾಳಿ ಮತ್ತು ಬಿಸಿಲಿಗೆ ತೆರೆದ ಹೊಂಡದಿಂದ ದಿನಕ್ಕೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ನೀರು ಹಾರಿಹೋಗುತ್ತದೆ. ಬೋರಿನಿಂದ ಕಷ್ಟಪಟ್ಟು ಎತ್ತಿದ ನೀರನ್ನು ಬಿಸಿಲಿಗೆ ಒಪ್ಪಿಸಲು ಮನಸ್ಸು ಬರುವುದಿಲ್ಲ. ಎತ್ತರದಲ್ಲಿ ಒಂದು ಮುಚ್ಚಿದ ತೊಟ್ಟಿ ಕಟ್ಟಿಸಿದ್ದೇವೆ. ಅದು ಸಸಿ ಮಡಿಗೂ ದನಕ್ಕೂ ಸಾಕಾಗುತ್ತದೆ, ಹೊಲಕ್ಕಲ್ಲ.

ಈ ಬಿಸಿಲು ಎಷ್ಟು ಕಠಿಣ ಅಂತ ಸರ್ಕಾರಕ್ಕೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಅಂತ ಆದೇಶ ಆಗುತ್ತದೆ. ವಿಜಯಪುರ, ಬಾಗಲಕೋಟೆಗೂ ಹಾಗೆಯೇ. ನರೇಗಾ ಕೆಲಸದ ಅಳತೆಯಲ್ಲೂ ಬೇಸಿಗೆಗೆ ರಿಯಾಯಿತಿ ಕೊಟ್ಟದ್ದುಂಟು. ಇವೆರಡೂ ಸರಿಯಾದ ಕೆಲಸ, ನಾನು ಕುಹಕದಿಂದ ಹೇಳುತ್ತಿಲ್ಲ. ನಮ್ಮ ಹೊಲಕ್ಕೆ ಬರುವ ಹೆಣ್ಣುಮಕ್ಕಳು ಯಾವ ಆದೇಶಕ್ಕೂ ಕಾಯದೆ ತಮ್ಮ ವೇಳೆ ತಾವೇ ಬದಲಿಸಿಕೊಂಡಿದ್ದಾರೆ. ಬೆಳಿಗ್ಗೆ ಆರಕ್ಕೆ ಬುತ್ತಿ ಕಟ್ಟಿಕೊಂಡು ಬಂದು ಹನ್ನೊಂದಕ್ಕೆ ಮನೆ ಸೇರುತ್ತಾರೆ. 'ಜೀವ ಇದ್ರ ನಾಳಿ ಕೂಲಿ ಸಿಗ್ತದ ಯಕ್ಕಾ' ಅನ್ನುತ್ತಾರೆ. ದನಗಳನ್ನೂ ಹತ್ತರೊಳಗೆ ನೆರಳಿಗೆ ಕಟ್ಟುತ್ತೇವೆ. ಕಚೇರಿ, ಕೂಲಿ, ದನ ಎಲ್ಲವೂ ಬಿಸಿಲು ನೋಡಿ ಸರಿದುಕೊಂಡಿವೆ. ಕರೆಂಟ್ ಒಂದು ಮಾತ್ರ ಸರಿದಿಲ್ಲ.

ನನಗೆ ಇನ್ನೊಂದು ಕಡೆಯ ಕಷ್ಟವೂ ಗೊತ್ತು. ರಾತ್ರಿ ಕರೆಂಟ್ ಬೇಡ, ಹಗಲು ಕೊಡಿ ಅಂತ ವರ್ಷಗಟ್ಟಲೆ ಕೇಳಿದವರು ರೈತರೇ. ಈಗ ಸೋಲಾರ್ ಬಂದಿದೆ. ಸೋಲಾರ್ ಕರೆಂಟ್ ಹುಟ್ಟುವುದೇ ಬಿಸಿಲಿನಲ್ಲಿ, ಅದು ಹೇರಳವಾಗಿ ಇರುವಾಗಲೇ ಪಂಪ್‌ಸೆಟ್‌ಗೆ ಕೊಡುವುದು ಲೆಕ್ಕಕ್ಕೆ ಸರಿಹೋಗುತ್ತದೆ. ತೊಗರಿ, ಕಬ್ಬು, ಬಾಳೆ ಬೆಳೆಯುವವರಿಗೆ ಅದು ನಡೆಯುತ್ತದೆ. ಕಮಲಾಪುರದ ಕೆಂಪು ಬಾಳೆ ತೋಟದಲ್ಲಿ ಮಧ್ಯಾಹ್ನ ನೀರು ಬಿಟ್ಟರೂ ಅಡಿಯಲ್ಲಿ ನೆರಳಿರುತ್ತದೆ. ನನ್ನ ಪಲ್ಯದ ಮಡಿಗೆ ನೆರಳು ಎಲ್ಲಿಂದ ಬರಬೇಕು? ಶೇಡ್ ನೆಟ್ ಒಂದು ಗುಂಟೆಗೆ ಹಾಕಬಹುದು, ಎರಡೂವರೆ ಎಕರೆಗೆ ಹಾಕಲು ನಾನು ಸಾಹುಕಾರ್ತಿಯಲ್ಲ.

ಅದಕ್ಕೇ ನಾನು 7 ತಾಸನ್ನೂ ಬದಲಿಸಿ ಅನ್ನುತ್ತಿಲ್ಲ. ಅದರಲ್ಲಿ 2 ತಾಸು ಮಾತ್ರ ಬೆಳಗಿನ 5ರಿಂದ 7ಕ್ಕೆ ಕೊಡಿ. ಉಳಿದ 5 ತಾಸು ನಿಮ್ಮ ಅನುಕೂಲದ ಹೊತ್ತಿಗೆ ಬರಲಿ. ಏಪ್ರಿಲ್, ಮೇ ಎರಡೇ ತಿಂಗಳು ಸಾಕು. ಜೂನ್ ತಿಂಗಳ ಮಿರಗದ (ಮೃಗಶಿರ) ಮಳೆ ಹಿಡಿದ ಮೇಲೆ ನಮಗೆ ಯಾವ ವೇಳೆಯಾದರೂ ನಡೆಯುತ್ತದೆ.

ಮಳೆಯ ಹೆಸರು ಹೇಳಿದೆ, ಅದರ ಬಗ್ಗೆಯೂ ನಾಲ್ಕು ಮಾತು. ಪಟ್ಟಣದಲ್ಲಿ ಮೇ ತಿಂಗಳ ಸಂಜೆ ಒಂದು ಮಳೆ ಬಿದ್ದರೆ ಎಲ್ಲರಿಗೂ ಖುಷಿ. ನಮಗೆ ಎದೆ ಡವಡವ. ಭರಣಿ, ಕೃತ್ತಿಕೆ ಮಳೆ ಸುಮ್ಮನೆ ಬರುವುದಿಲ್ಲ, ಗಾಳಿ, ಸಿಡಿಲು, ಒಮ್ಮೊಮ್ಮೆ ಆಲಿಕಲ್ಲು ಕಟ್ಟಿಕೊಂಡು ಬರುತ್ತದೆ. ಈ ಸಲ ಒಂದು ಸಂಜೆಯ ಗಾಳಿಗೆ ಹೀರೆ ಚಪ್ಪರ ಮಕಾಡೆ ಮಲಗಿತು. ಆಲಿಕಲ್ಲು ಬಿದ್ದು ಅರ್ಧ ಎಕರೆ ಬದನೆಯ ಎಲೆ ಜರಡಿಯಾದವು, ಕಾಯಿಯ ಮೇಲೆ ಕಪ್ಪು ಕಲೆ. ಓದುಗರು ನೋಡಿದ ಕಲೆಯ ಬದನೆ ಅದೇ ಇರಬೇಕು. ಸಿಪ್ಪೆ ಮೇಲಿನ ಕಲೆ ಅಷ್ಟೇ, ಎಣ್ಣೆಗಾಯಿ ಮಾಡಿದರೆ ಗೊತ್ತಾಗುವುದೂ ಇಲ್ಲ.

ಆಲಿಕಲ್ಲು ಸರ್ಕಾರದ ವಿಪತ್ತಿನ ಪಟ್ಟಿಯಲ್ಲಿದೆ. ಬೆಳೆ ಶೇ 33 ಅಥವಾ ಅದಕ್ಕಿಂತ ಜಾಸ್ತಿ ಹಾಳಾದರೆ ಪರಿಹಾರ ಉಂಟು. 2022ರಲ್ಲಿ ಕೇಂದ್ರ ನಿಗದಿ ಮಾಡಿದ ದರದ ಪ್ರಕಾರ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ. ನನ್ನ ಅರ್ಧ ಎಕರೆಗೆ ಅದು ಸುಮಾರು 3,400 ರೂಪಾಯಿ ಆಗುತ್ತದೆ. ಅದಕ್ಕೆ ಅರ್ಜಿ, ಪಹಣಿ, ಫೋಟೊ, ಪಂಚನಾಮೆ. ಕೊಟ್ಟರೆ ಬೇಡ ಅನ್ನುವುದಿಲ್ಲ. ಆದರೆ ಆಲಿಕಲ್ಲು ಬೀಳುವುದು ಯಾವುದೋ ಒಂದು ಸಂಜೆ. ಬಿಸಿಲು ಎರಡು ತಿಂಗಳು ದಿನಾ ಬೀಳುತ್ತದೆ. ಅದಕ್ಕೆ ಉದುರಿದ ಟೊಮೆಟೊ ಹೂವಿಗೆ ಯಾರು ಪಂಚನಾಮೆ ಮಾಡುತ್ತಾರೆ? ಬಿಸಿಲಿನ ನಷ್ಟಕ್ಕೆ ದುಡ್ಡು ಕೇಳಿದರೆ ಅಳೆಯುವುದೇ ಕಷ್ಟ. ಹೊತ್ತಿಗೆ ಸರಿಯಾಗಿ ನೀರು ಕೊಡಲು ಬಿಟ್ಟರೆ ಆ ನಷ್ಟದಲ್ಲಿ ಒಂದು ಪಾಲನ್ನಾದರೂ ನಾವೇ ತಪ್ಪಿಸಿಕೊಳ್ಳುತ್ತೇವೆ.

ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಅನ್ನುತ್ತಾರೆ. ಅದು ಜೋಳದವರ ಗಾದೆ. ತರಕಾರಿಯವರು ರೋಹಿಣಿಯನ್ನು ನಂಬಿ ಕೂತರೆ ಕೆಟ್ಟೆವು. 2025ರಲ್ಲಿ ಕೇರಳಕ್ಕೆ ಮುಂಗಾರು ಮೇ 24ಕ್ಕೇ ಬಂತು. ರೂಢಿಯ ದಿನ ಜೂನ್ 1. ಮೇ ತಿಂಗಳೇ ನಮ್ಮ ಕಡೆಯೂ ಒದ್ದೆಯಾಯಿತು. ಆ ವರ್ಷ ಬಿಸಿಲಿನಿಂದ ಉಳಿದ ಸಸಿ ನೀರು ನಿಂತು ಕೊಳೆತವು. ಎರಿ ಮಣ್ಣಿನಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಮಣ್ಣು, ಕಸ ತೆಗೆಯಲೂ ಒಳಗೆ ಹೋಗುವಂತಿರಲಿಲ್ಲ. ಮುಂದೆ ಸೆಪ್ಟೆಂಬರಿನಲ್ಲಿ ಭೀಮಾ ತೀರದವರ ಹೊಲಗಳು ಮುಳುಗಿದ್ದು ನಿಮ್ಮ ಪತ್ರಿಕೆಯಲ್ಲೇ ಓದಿದೆವು. ಒಂದು ವರ್ಷ ಹಾಗೆ, ಒಂದು ವರ್ಷ ಹೀಗೆ. ಮಳೆ ನಮ್ಮ ಕೈಯಲ್ಲಿಲ್ಲ, ಕರೆಂಟಿನ ವೇಳೆ ಮನುಷ್ಯರ ಕೈಯಲ್ಲಿದೆ.

ರೇಟಿನ ಬಗ್ಗೆ ಓದುಗರಿಗೆ ಒಂದೇ ಮಾತು. ಚಳಿಗಾಲದಲ್ಲಿ ಒಂದು ಮಡಿಯಿಂದ ಬುಟ್ಟಿ ತುಂಬುವ ಜಾಗದಲ್ಲಿ ಈಗ ಕಾಲು ಬುಟ್ಟಿ ಬರುತ್ತದೆ. ಕೂಲಿ ಅಷ್ಟೇ, ಟಂಟಂ ಬಾಡಿಗೆ ಅಷ್ಟೇ. ಹಾಗಂತ ನಾಲ್ಕು ಪಟ್ಟು ರೇಟು ಹೇಳಲು ನಮಗೂ ಬಾಯಿ ಬರುವುದಿಲ್ಲ. ಸಾವಯವದ ಹೆಸರಿನಲ್ಲಿ ಹೊರಗಿನ ಮಾಲು ತಂದು ಮಾರುವವರು ಇದ್ದಾರೆ, ಅದನ್ನು ನಾನೂ ಒಪ್ಪುತ್ತೇನೆ. ಮೇ ತಿಂಗಳಲ್ಲಿ ಯಾರಾದರೂ ನಮ್ಮ ಹೊಲದ್ದೇ ಅಂತ ಹೇಳಿ ದಪ್ಪ ಟೊಮೆಟೊ, ಉದ್ದನೆ ಕೊತ್ತಂಬರಿ ತೋರಿಸಿದರೆ ಅವರನ್ನು ಪ್ರಶ್ನೆ ಕೇಳಿ. ಸೊಟ್ಟ ಚವಳಿಕಾಯಿ ಇಟ್ಟುಕೊಂಡು ಕೂತವರನ್ನು ಕೇಳಬೇಡಿ.

ಕೊನೆಗೆ, ಇದು ಆಗದ ಕೆಲಸ ಅಂತ ಯಾರಾದರೂ ಹೇಳಬಹುದು. ಯಾವ ಫೀಡರ್‌ನಲ್ಲಿ ತರಕಾರಿ ಇದೆ ಅಂತ ಹುಡುಕುವುದು ಹೇಗೆ ಅನ್ನಬಹುದು. ಬೆಳೆ ಸಮೀಕ್ಷೆಯಲ್ಲಿ ಸರ್ವೆ ನಂಬರ್ ಹಿಡಿದು ಯಾರ ಹೊಲದಲ್ಲಿ ಏನಿದೆ ಅಂತ ಮೊಬೈಲ್‌ನಲ್ಲಿ ಫೋಟೊ ಸಮೇತ ದಾಖಲೆ ಮಾಡುತ್ತಾರೆ. ಬೇಸಿಗೆ ಬೆಳೆಗೂ ಮಾಡುತ್ತಾರೆ. ಆ ಪಟ್ಟಿಯನ್ನೂ ಫೀಡರ್ ಪಟ್ಟಿಯನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿದರೆ ಸಾಕು. ಕಲಬುರಗಿ, ಬೀದರ್, ಯಾದಗಿರಿ ಮೂರು ಜಿಲ್ಲೆಗಳಲ್ಲಿ ಒಂದೆರಡು ಫೀಡರ್‌ಗಳಲ್ಲಿ ಮೊದಲು ಮಾಡಿ ನೋಡಲಿ. ಮುಂದಿನ ಮಾರ್ಚ್ ಕೊನೆಗೆ ಕಚೇರಿ ವೇಳೆಯ ಆದೇಶ ಹೊರಡಿಸುವಾಗ ಪಂಪ್‌ಸೆಟ್‌ನ ಆ 2 ತಾಸಿನ ಆದೇಶವೂ ಜೊತೆಯಲ್ಲೇ ಹೊರಡಲಿ. ಯುಗಾದಿಗೆ ಹಚ್ಚುವ ಬೆಂಡೆ, ಚವಳಿ ಬೀಜವನ್ನು ಎಷ್ಟು ತರಬೇಕು ಅಂತ ಆಗ ನಾವೂ ನಿರ್ಧಾರ ಮಾಡಬಹುದು.

ಇಂತಿ,
ಒಬ್ಬ ತರಕಾರಿ ರೈತ ಮಹಿಳೆ,
ಕಮಲಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ